ಕೃತಿಸ್ವಾಮ್ಯದ ವಿವಾದ ಮತ್ತು ವಕೀಲರ ಆಯ್ಕೆ: ಕಾರಂತರ ಯಕ್ಷಗಾನ ಪ್ರಕರಣದ ಹಿನ್ನೆಲೆಯಲ್ಲಿ

ಕನ್ನಡ ಲೇಖಕರು ವಕೀಲರನ್ನು ಕಾಣುವುದು ಸಾಮಾನ್ಯವಾಗಿ ಜಗಳ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ. ಆದರೆ ಕೃತಿಸ್ವಾಮ್ಯದ ವ್ಯಾಜ್ಯಗಳು ಬಹುಮಟ್ಟಿಗೆ ತೀರ್ಮಾನವಾಗುವುದು ವರ್ಷಗಳ ಹಿಂದೆ ಬರೆದಿಟ್ಟ ಕಾಗದಪತ್ರಗಳ ಆಧಾರದ ಮೇಲೆ. ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ನೀಡಿದ ತೀರ್ಪನ್ನು ಈ ದೃಷ್ಟಿಯಿಂದ ಗಮನಿಸಬೇಕು.

ಕಾರಂತರು 1994ರ ತಮ್ಮ ಉಯಿಲಿನಲ್ಲಿ ಸಾಹಿತ್ಯಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ನೀಡಿದ್ದರು, 1997ರಲ್ಲಿ ನಿಧನರಾದರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಪ್ರದರ್ಶಿಸಿದಾಗ, ಅನುಮತಿ ಪಡೆದಿಲ್ಲವೆಂದು ಮಲ್ಯ ಅವರು ದಾವೆ ಹೂಡಿದರು. ಕಾರಂತರು ಉಡುಪಿಯ ಯಕ್ಷಗಾನ ಕೇಂದ್ರದ ನಿರ್ದೇಶಕರಾಗಿ, ಸಂಸ್ಥೆಯ ಹಣದ ನೆರವಿನಿಂದ ಈ ಪ್ರಯೋಗಗಳನ್ನು ರೂಪಿಸಿದರೆಂಬುದು ಸಂಸ್ಥೆಯ ವಾದವಾಗಿತ್ತು. ಈ ವಾದ ನಿಲ್ಲಲಿಲ್ಲ.

ಯಕ್ಷಗಾನ ಪ್ರಸಂಗ ಸಾಹಿತ್ಯವೇ, ರಂಗಪ್ರಯೋಗವೇ? ನಮ್ಮ ವಿಮರ್ಶೆಗೆ ಚಿರಪರಿಚಿತವಾದ ಈ ಪ್ರಶ್ನೆ ಇಲ್ಲಿ ಹಕ್ಕಿನ ಪ್ರಶ್ನೆಯಾಯಿತು. 1957ರ ಕೃತಿಸ್ವಾಮ್ಯ ಕಾಯಿದೆ ಸಾಹಿತ್ಯಕೃತಿಯನ್ನೂ ನಾಟಕಕೃತಿಯನ್ನೂ ಬೇರೆಯಾಗಿ ನೋಡುತ್ತದೆ. ನೃತ್ಯಸಂಯೋಜನೆ ಎರಡನೆಯ ವರ್ಗಕ್ಕೆ ಸೇರಿದ್ದು. ಆದ್ದರಿಂದ ಉಯಿಲಿನಲ್ಲಿದ್ದ ‘ಸಾಹಿತ್ಯಕೃತಿ’ ಎಂಬ ಮಾತೊಂದೇ ಸಾಲದಾಯಿತು. ನೃತ್ಯರೂಪದ ಹಕ್ಕು ಮಲ್ಯ ಅವರಿಗೆ ದಕ್ಕಿದ್ದು, ಉಳಿದ ಸೊತ್ತೆಲ್ಲವೂ ಅವರಿಗೇ ಸೇರತಕ್ಕದ್ದೆಂಬ ಮತ್ತೊಂದು ಕಂಡಿಕೆಯ ಬಲದಿಂದ. ಆ ಒಂದು ಕಂಡಿಕೆ ಇಲ್ಲದಿದ್ದರೆ ಫಲಿತಾಂಶವೇ ಬೇರೆಯಾಗುವ ಸಾಧ್ಯತೆಯಿತ್ತು. ಕಾಯಿದೆಯ 52ನೆಯ ಕಲಮು ಶಿಕ್ಷಣಸಂಸ್ಥೆಗಳಿಗೆ ಕೊಡುವ ವಿನಾಯಿತಿಯನ್ನು ಅಕಾಡೆಮಿಯೂ ಪಡೆಯಬಹುದೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಆದರೆ ಆ ವಿನಾಯಿತಿ ಸಂಸ್ಥೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮುಂತಾದ ಸಂಬಂಧಪಟ್ಟ ಪ್ರೇಕ್ಷಕರಿಗೆ ಸೀಮಿತವಾದ ಪ್ರದರ್ಶನಕ್ಕೆ ಮಾತ್ರ ಅನ್ವಯಿಸುತ್ತದೆ.

ಹೀಗಿರುವಾಗ, ಜಮೀನಿನ ವ್ಯಾಜ್ಯಗಳಲ್ಲಿ ಹೆಸರಾದವರೆಂಬ ಕಾರಣಕ್ಕೆ ವಕೀಲರನ್ನು ನೇಮಿಸಿಕೊಳ್ಳುವುದು ಸೂಕ್ತವಲ್ಲ. ಮೊದಲ ಭೇಟಿಯಲ್ಲಿ ಅವರು ಕೇಳುವ ಪ್ರಶ್ನೆಗಳೇ ಅವರ ಪರಿಣತಿಯನ್ನು ತೋರಿಸುತ್ತವೆ. ಕೃತಿ ಯಾವ ವರ್ಗದ್ದು? ಉದ್ಯೋಗದ ಕರ್ತವ್ಯವಾಗಿ ರಚಿತವಾದುದೇ? ಹಕ್ಕನ್ನು ಬರಹದಲ್ಲಿ ಹಸ್ತಾಂತರಿಸಲಾಗಿದೆಯೇ? ಇವನ್ನು ಕೇಳದೆ ನೇರವಾಗಿ ನೋಟೀಸು ಬರೆಯಲು ಹೊರಡುವವರ ಬಗ್ಗೆ ಎಚ್ಚರ ಅಗತ್ಯ.

ಪ್ರಕಾಶಕರೊಡನೆ ಬಾಯಿಮಾತಿನಲ್ಲೇ ವ್ಯವಹರಿಸುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. 19ನೆಯ ಕಲಮಿನ ಪ್ರಕಾರ, ಹಕ್ಕು ಕೊಡುವವರ ಸಹಿಯುಳ್ಳ ಬರಹವಿಲ್ಲದೆ ಹಸ್ತಾಂತರ ಸಿಂಧುವಲ್ಲ. ಬರಹದಲ್ಲಿ ಅವಧಿಯನ್ನು ಹೇಳದಿದ್ದರೆ ಅದು 5 ವರ್ಷವೆಂದೇ ಭಾವಿಸತಕ್ಕದ್ದು. ಹಕ್ಕು ಉಲ್ಲಂಘನೆಯಾದಾಗ ಲೇಖಕರು ತಾವು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ದಾವೆ ಹೂಡಲು 62ನೆಯ ಕಲಮು ಅವಕಾಶ ನೀಡುತ್ತದೆ.

ವಿಶ್ವವಿದ್ಯಾಲಯದ ಯೋಜನೆಗಳಲ್ಲಿ ಗ್ರಂಥಸಂಪಾದನೆ ಮಾಡುವ ಅಧ್ಯಾಪಕರಿಗೆ 17ನೆಯ ಕಲಮು ಇನ್ನೂ ಹತ್ತಿರದ್ದು. ಸೇವಾ ಕರಾರಿನ ಅಡಿಯಲ್ಲಿ ಕರ್ತವ್ಯವಾಗಿ ರಚಿಸಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಸಾಮಾನ್ಯವಾಗಿ ಉದ್ಯೋಗ ನೀಡಿದವರೇ ಮೊದಲ ಒಡೆಯರು. ಆದುದರಿಂದ ಹಸ್ತಪ್ರತಿಯ ಕೆಲಸಕ್ಕೆ ಕೈಹಾಕುವ ಮುನ್ನವೇ ನೇಮಕಾತಿ ಆದೇಶವನ್ನೂ ಯೋಜನೆಯ ಮಂಜೂರಾತಿ ಪತ್ರವನ್ನೂ ವಕೀಲರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.