ಹೃದಯವೈದ್ಯದಲ್ಲಿ ಹೆಣ್ಣುಮಕ್ಕಳು

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯವಿದ್ಯಾಲಯವು 1893ರಲ್ಲಿ ಆರಂಭವಾದಾಗಿನಿಂದಲೂ ಸ್ತ್ರೀಪುರುಷರಿಗೆ ಸಮಾನವಾಗಿ ಪ್ರವೇಶ ನೀಡುತ್ತ ಬಂದುದು ಅದರ ಆಡಳಿತಗಾರರ ಔದಾರ್ಯದ ಫಲವೆಂದು ಯಾರಾದರೂ ಭಾವಿಸಿದರೆ ಅದು ಅರ್ಧಸತ್ಯವೂ ಆಗದು. ಹಣ ಸಾಲದೆ ಕೈಕಟ್ಟಿ ಕುಳಿತಿದ್ದವರಿಗೆ ಮೇರಿ ಗ್ಯಾರೆಟ್ ಎಂಬ ಧನಿಕ ಮಹಿಳೆ ಮೂರು ಲಕ್ಷ ಡಾಲರಿಗೂ ಮಿಕ್ಕ ಮೊತ್ತವನ್ನು ಕೊಡುವಾಗ, ಹೆಣ್ಣುಮಕ್ಕಳನ್ನು ಗಂಡಸರಂತೆಯೇ ಸೇರಿಸಿಕೊಳ್ಳತಕ್ಕದ್ದೆಂಬ ಷರತ್ತನ್ನೂ ಒಡ್ಡಿದ್ದರು. ಬಾಗಿಲು ತೆರೆದದ್ದು ಆ ಷರತ್ತಿನಿಂದ.

ಆ ಬಾಗಿಲನ್ನು ಹೊಕ್ಕವರಲ್ಲೊಬ್ಬರು ಹೆಲೆನ್ ಟಾಸಿಗ್. ಹಾರ್ವರ್ಡಿನಲ್ಲಿ ಪಾಠ ಕೇಳಬಹುದು, ಪದವಿಯನ್ನು ಮಾತ್ರ ಕೇಳಕೂಡದು ಎಂಬ ವಿಚಿತ್ರ ಅನುಗ್ರಹವನ್ನು ಅನುಭವಿಸಿ ಬಂದಿದ್ದ ಆಕೆ 1927ರಲ್ಲಿ ಇಲ್ಲಿ ವೈದ್ಯೆಯಾದರು; 1930ರಲ್ಲಿ ಮಕ್ಕಳ ಹೃದ್ರೋಗ ಚಿಕಿತ್ಸಾಲಯದ ಹೊಣೆ ಅವರಿಗೆ ಬಂತು. ಹುಟ್ಟಿನಿಂದಲೇ ಹೃದಯದೋಷವುಳ್ಳ ಕೂಸುಗಳಿಗೆ ಚಿಕಿತ್ಸೆಯೇ ಇಲ್ಲದಿದ್ದ ಕಾಲದಲ್ಲಿ ಅದು ಯಾರೂ ಅಸೂಯೆಪಡುವಂಥ ಸ್ಥಾನವಾಗಿರಲಿಲ್ಲ. ಕಿವಿ ಮಂದವಾಗಿದ್ದುದರಿಂದ ಎದೆಯ ಮರ್ಮರವನ್ನು ಬೆರಳ ತುದಿಯಿಂದಲೇ ಗ್ರಹಿಸಲು ಕಲಿತ ಆಕೆ, ಮೈ ನೀಲಿಗಟ್ಟುವ ಶಿಶುಗಳಲ್ಲಿ ಒಂದು ಸಂಗತಿಯನ್ನು ಗಮನಿಸಿದರು: ಮಹಾಧಮನಿಯನ್ನೂ ಶ್ವಾಸಕೋಶದ ಧಮನಿಯನ್ನೂ ಕೂಡಿಸುವ, ಜನನಾನಂತರ ಮುಚ್ಚಿಹೋಗುವ ಚಿಕ್ಕ ನಾಳವೊಂದು ತೆರೆದಿರುವವರೆಗೆ ಕೂಸು ಹೇಗೋ ಬದುಕುತ್ತದೆ, ಮುಚ್ಚಿದೊಡನೆ ಕ್ಷೀಣಿಸುತ್ತದೆ. ಹಾಗಾದರೆ ಅಂಥ ನಾಳವನ್ನು ಶಸ್ತ್ರವೈದ್ಯರೇ ಕಟ್ಟಿಕೊಡಬಾರದೇಕೆ? ಅಲ್ಲಿನ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲೇಲಾಕರು ಒಪ್ಪಿದರು. ಅವರ ಪ್ರಯೋಗಶಾಲೆಯಲ್ಲಿ ಸಹಾಯಕರಾಗಿದ್ದ ಕಪ್ಪು ಜನಾಂಗದ ವಿವಿಯನ್ ಥಾಮಸ್ ಆ ಕ್ರಿಯೆಯನ್ನು ನಾಯಿಗಳ ಮೇಲೆ ಸಾಧಿಸಿ, 1944ರ ನವೆಂಬರ್ 29ರಂದು ಮೊದಲ ಮಗುವಿನ ಶಸ್ತ್ರಕ್ರಿಯೆ ನಡೆದಾಗ ಬ್ಲೇಲಾಕರ ಬೆನ್ನ ಹಿಂದೆ ನಿಂತು ಸಲಹೆಯಿತ್ತರು. ಮರುವರ್ಷ ಪ್ರಕಟವಾದ ಪ್ರಬಂಧದಲ್ಲಿ ಥಾಮಸರ ಹೆಸರಿಲ್ಲ. ಟಾಸಿಗ್ ಪೂರ್ಣ ಪ್ರಾಧ್ಯಾಪಕರಾದದ್ದು 1959ರಲ್ಲಿ. ಉಪಾಯವು ಫಲಿಸಲು ಹಿಡಿದಷ್ಟೇ ಕಾಲ, ಅದನ್ನು ಕಂಡವರಿಗೆ ಆ ಹುದ್ದೆ ಕೊಡಲೂ ಹೆಚ್ಚುಕಡಿಮೆ ಹಿಡಿಯಿತು!

ಬರ್ಮಾದಲ್ಲಿ 1917ರಲ್ಲಿ ಹುಟ್ಟಿ, ಯುದ್ಧದ ದೆಸೆಯಿಂದ ಭಾರತಕ್ಕೆ ಬಂದ ಎಸ್. ಪದ್ಮಾವತಿಯವರು ಇದೇ ಟಾಸಿಗ್ ಅವರ ಬಳಿ ಕಲಿತವರು. 1953ರಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜನ್ನು ಸೇರಿ, ಮರುವರ್ಷವೇ ಅಲ್ಲಿ ಹೃದಯ ಚಿಕಿತ್ಸಾಲಯವನ್ನು ತೆರೆದರು. ಶ್ವಾಸಕೋಶದ ವ್ಯಾಧಿಯಿಂದ ಹೃದಯದ ಬಲಭಾಗ ಸೋತು ಬರುವ ರೋಗಿಗಳಲ್ಲಿ, ಬೀಡಿ ಸಿಗರೇಟನ್ನು ಮುಟ್ಟದ ಹೆಂಗಸರೂ ಇಷ್ಟೊಂದು ಮಂದಿ ಏಕಿದ್ದಾರೆಂದು ವಿಚಾರಿಸಿ, ಎಳವೆಯಿಂದಲೇ ಒಲೆಯ ಮುಂದೆ ಕುಳಿತು ಸೇವಿಸಿದ ಹೊಗೆಯತ್ತ 1950ರ ದಶಕದಲ್ಲೇ ಅವರು ಬೆರಳು ಮಾಡಿದರು. ಅಡಿಗೆಮನೆಯನ್ನು ರೋಗಕಾರಣದ ಸ್ಥಳವೆಂದು ಕಾಣುವುದಕ್ಕೆ ಹೆಣ್ಣೇ ಆಗಬೇಕೆಂಬ ನಿಯಮವೇನೂ ಇಲ್ಲ. ಆದರೆ ಆ ಹೊಗೆಯನ್ನು ಬಲ್ಲವರೊಬ್ಬರು ಪರೀಕ್ಷಕರ ಸಾಲಿನಲ್ಲಿರುವುದು ರೋಗಿಗಳ ಭಾಗ್ಯವೆಂದೇ ನಾನು ತಿಳಿಯುತ್ತೇನೆ. ಪದ್ಮವಿಭೂಷಣರಾದ ಆಕೆ 2020ರಲ್ಲಿ, ನೂರಮೂರನೆಯ ವಯಸ್ಸಿನಲ್ಲಿ, ಕೊರೊನಾ ಸೋಂಕಿನಿಂದ ತೀರಿಕೊಂಡರು.

ಇಂದು ಎಂ.ಬಿ.ಬಿ.ಎಸ್. ತರಗತಿಗಳಲ್ಲಿ ಹುಡುಗಿಯರಿಗೆ ಕೊರತೆಯಿಲ್ಲ. ಆಂಜಿಯೋಪ್ಲಾಸ್ಟಿ ನಡೆಯುವ ಕ್ಯಾಥ್‌ಲ್ಯಾಬಿನಲ್ಲಿ ಮಾತ್ರ ಅವರು ವಿರಳ. ಎಂ.ಡಿ. ಮುಗಿಸಿ ಹೃದ್ರೋಗದ ಉನ್ನತ ತರಬೇತಿಯಾದ ಡಿ.ಎಂ. ಸೇರುವ ವಯಸ್ಸೇ ವಿವಾಹ, ಪ್ರಸವಗಳ ವಯಸ್ಸು. ಹೃದಯಾಘಾತವಾದರೋ ಹೊತ್ತುಗೊತ್ತು ನೋಡಿ ಬರುವುದಿಲ್ಲ. ಮೇಲಾಗಿ ಎಕ್ಸ್‌ರೇ ಕಿರಣಗಳ ಭಯ, ಗಂಟೆಗಟ್ಟಲೆ ಹೊರಬೇಕಾದ ಸೀಸದ ಏಪ್ರನ್. ಇವುಗಳಲ್ಲಿ ಯಾವುದೂ ಸ್ತ್ರೀಯ ಬುದ್ಧಿಗೋ ಹಸ್ತಕೌಶಲಕ್ಕೋ ಸಂಬಂಧಿಸಿದ್ದಲ್ಲ. ಮೈಗೆ ಹೊಂದುವ ಹಗುರವಾದ ಏಪ್ರನ್, ಗರ್ಭಿಣಿಗೆ ಏಪ್ರನ್ನಿನ ಒಳಗೂ ಒಂದು ವಿಕಿರಣಮಾಪಕ ಬ್ಯಾಡ್ಜ್, ಹೆರಿಗೆಯ ಬಳಿಕ ತರಬೇತಿಯನ್ನು ನಿಂತಲ್ಲಿಂದಲೇ ಮುಂದುವರಿಸುವ ಅವಕಾಶ, ರಾತ್ರಿಪಾಳಿಗಳ ನ್ಯಾಯವಾದ ಹಂಚಿಕೆ: ಇವು ಆಸ್ಪತ್ರೆಯ ಮುಖ್ಯಸ್ಥರ ಕೈಯಲ್ಲಿರುವ ಕಾರ್ಯಗಳು. ಗ್ಯಾರೆಟರ ಹಾಗೆ ಷರತ್ತು ಹಾಕುವ ದಾನಿಯೊಬ್ಬರು ಬರಲೆಂದು ಕಾಯದೆ, ಆ ಮುಖ್ಯಸ್ಥರು ತಾವಾಗಿಯೇ ಇವನ್ನು ನೆರವೇರಿಸಲಿ.