ಹಂಪೆಯಲ್ಲಿ ಏನನ್ನು ಬಿಟ್ಟು ಬರೋಣ?

ಕಾಶಿಯಾತ್ರೆ ಮುಗಿಸಿ ಬಂದ ಹಿರಿಯರು, ಎಲೆಗೆ ಬಡಿಸಬಂದ ಯಾವುದೋ ಒಂದು ಪಲ್ಯವನ್ನೋ ಹಣ್ಣನ್ನೋ ಕೈಯಡ್ಡ ಹಿಡಿದು ಬೇಡವೆನ್ನುತ್ತಿದ್ದುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕಾರಣ ಕೇಳಿದರೆ, “ಅದನ್ನು ಕಾಶಿಯಲ್ಲಿ ಬಿಟ್ಟು ಬಂದೆ” ಎನ್ನುತ್ತಿದ್ದರು. ತಮಗೆ ಪ್ರಿಯವಾದುದೊಂದನ್ನು ಕ್ಷೇತ್ರದಲ್ಲಿ ತ್ಯಜಿಸಿ ಬರುವುದು ಯಾತ್ರೆಯ ನಿಯಮ. ಹೊರಡುವಾಗ ಸಂಕಲ್ಪ, ತಲಪಿದ ಮೇಲೆ ತ್ಯಾಗ. ಇವೆರಡೂ ಇಲ್ಲದ ಪಯಣವನ್ನು ಅವರು ಯಾತ್ರೆಯೆಂದು ಕರೆಯುತ್ತಿರಲಿಲ್ಲ.

ರಜೆ ಬಂದೊಡನೆ ನಾವೂ ಸಂಸಾರಸಮೇತರಾಗಿ ಹಂಪೆಗೆ ಹೊರಡುತ್ತೇವೆ. ನಾವೂ ಅಲ್ಲಿ ಏನನ್ನಾದರೂ ಬಿಟ್ಟೇ ಬರುತ್ತೇವೆ—ನೀರು ಕುಡಿದ ಪ್ಲಾಸ್ಟಿಕ್ ಬಾಟಲಿ, ತಿಂಡಿಯ ಖಾಲಿ ಪೊಟ್ಟಣ, ಬಂಡೆಯ ಮೇಲೆ ಗೀಚಿದ ಹೆಸರು!

ಒಂದು ಪೆಟ್ಟಿನ ಲೆಕ್ಕ

1565ರ ಯುದ್ಧದ ತರುವಾಯ ವಿಜಯನಗರವು ಸೂರೆಹೋಯಿತು, ಬೆಂಕಿಗೆ ಆಹುತಿಯಾಯಿತು. ಆ ಬೆಂಕಿಗೂ, ಅನಂತರದ ನಾಲ್ಕೂವರೆ ಶತಮಾನಗಳ ಬಿಸಿಲುಮಳೆಗಳಿಗೂ ಜಗ್ಗದೆ ನಿಂತುದನ್ನು ಇಂದು ನಾವು ನೋಡುತ್ತಿದ್ದೇವೆ. 1986ರಲ್ಲಿ ಯುನೆಸ್ಕೋ ಸಂಸ್ಥೆಯು ಹಂಪೆಯನ್ನು ವಿಶ್ವ ಪರಂಪರೆಯ ತಾಣಗಳ ಸಾಲಿಗೆ ಸೇರಿಸಿತು. 1999ರಲ್ಲಿ ಅದೇ ಹಂಪೆಯು ಅಪಾಯಕ್ಕೊಳಗಾದ ತಾಣಗಳ ಪಟ್ಟಿಯನ್ನು ಸೇರಬೇಕಾಯಿತು. ಅದರಿಂದ ಬಿಡುಗಡೆ ದೊರೆತುದು 2006ರಲ್ಲಿ.

ವಿಠ್ಠಲ ದೇವಾಲಯದ ರಂಗಮಂಟಪದ ನಾದಗಂಬಗಳ ಖ್ಯಾತಿಯನ್ನು ಅರಿಯದವರಿಲ್ಲ. ಹಿಂದೆ ಬಂದವರೆಲ್ಲರೂ ಅವುಗಳನ್ನು ತಟ್ಟಿ, ಸ್ವರ ಹೊಮ್ಮಿಸಿ ಆನಂದಿಸುತ್ತಿದ್ದರು. ಈಗ ಅದು ನಿಷಿದ್ಧ. “ಕಲ್ಲು ತಾನೆ! ನನ್ನೊಬ್ಬನ ಪೆಟ್ಟಿನಿಂದ ಏನಾದೀತು?” ಎಂದು ಕೇಳುವವರು ಕೊಂಚ ಲೆಕ್ಕ ಹಾಕಬೇಕು. ದಿನಕ್ಕೆ ನೂರೇ ಮಂದಿ ಹೀಗೆ ಯೋಚಿಸಿ ಒಂದೊಂದು ಪೆಟ್ಟು ಕೊಟ್ಟರೆ, ವರ್ಷಕ್ಕೆ 36,500 ಪೆಟ್ಟುಗಳಾದವು. ಶತ್ರುವಿನ ಕೈಯಿಂದ ಉಳಿದುಬಂದುದು ಮಿತ್ರರ ಕೈಯಲ್ಲಿ ಸವೆಯತೊಡಗಿದರೆ ದೂರುವುದಾದರೂ ಯಾರನ್ನು?

2019ರ ಆರಂಭದಲ್ಲಿ ನಡೆದುದನ್ನು ಅನೇಕರು ಮರೆತಿರಲಾರರು. ಗಜಶಾಲೆಯ ಹಿಂಬದಿಯ ವಿಷ್ಣು ದೇವಾಲಯದ ಆವರಣದಲ್ಲಿ ಕೆಲವು ಯುವಕರು ಮೋಜಿಗಾಗಿ ಕಂಬವನ್ನು ತಳ್ಳಿ ಉರುಳಿಸಿದರು. ಆ ದೃಶ್ಯದ ಚಿತ್ರಣ ಎಲ್ಲೆಡೆ ಹರಡಿತು. ನ್ಯಾಯಾಲಯವು ತಲಾ 70,000 ರೂಪಾಯಿ ದಂಡ ವಿಧಿಸಿ, ಕೆಡವಿದವರಿಂದಲೇ ಕಂಬವನ್ನು ಮರಳಿ ನಿಲ್ಲಿಸಿತು. ತೀರ್ಪು ಉಚಿತವಾದುದೇ. ಆದರೆ ಕಾನೂನು ಬರುವುದು ಕಂಬ ಬಿದ್ದ ಮೇಲೆ. ಬೀಳುವ ಮೊದಲು ಅದನ್ನು ಕಾಯುವವರು ಯಾರು? ಮೈಲಿಗಟ್ಟಲೆ ಹರಡಿದ ಆ ಬಯಲಿನಲ್ಲಿ ಕಂಬಕ್ಕೊಬ್ಬ ಕಾವಲುಗಾರನನ್ನು ನಿಲ್ಲಿಸಲಾದೀತೆ?

ಮಕ್ಕಳಿಗೆ ಕೊಡುವ ಮಾತು

ಬಂದವರಿಂದ ಮೊದಲೇ ಮಾತು ತೆಗೆದುಕೊಳ್ಳುವ ದೇಶವೊಂದುಂಟು. ಅದರ ಹೆಸರು ಪಲಾವ್. ಹೆಸರು ಕೇಳಿ ಗೃಹಿಣಿಯರಿಗೆ ಅಡುಗೆಮನೆಯ ನೆನಪಾದರೆ ಆಶ್ಚರ್ಯವಿಲ್ಲ! ಪೆಸಿಫಿಕ್ ಮಹಾಸಾಗರದ ಪಶ್ಚಿಮ ಭಾಗದಲ್ಲಿರುವ ಈ ದ್ವೀಪರಾಷ್ಟ್ರದ ಜನಸಂಖ್ಯೆ 20,000ವನ್ನೂ ಮುಟ್ಟದು. ಆದರೆ ಒಂದೊಂದು ವರ್ಷ ಅದರ ಹಲವು ಪಟ್ಟು ಪ್ರವಾಸಿಗರು ಬಂದುದುಂಟು. ಬಣ್ಣಬಣ್ಣದ ಹವಳದ ದಿಬ್ಬಗಳನ್ನು ನೋಡಬಂದವರ ತುಳಿತವೇ ಹವಳಕ್ಕೆ ಕಂಟಕವಾಗತೊಡಗಿತು.

2017ರ ಡಿಸೆಂಬರಿನಿಂದ ಅಲ್ಲಿಗೆ ಹೋಗುವ ವಿದೇಶಿಯರ ಪಾಸ್‌ಪೋರ್ಟಿನಲ್ಲಿ ಒಂದು ಪ್ರತಿಜ್ಞೆಯನ್ನು ಮುದ್ರೆಯೊತ್ತಲಾಗುತ್ತದೆ. ಅದರ ಕೆಳಗೆ ರುಜು ಹಾಕಿಯೇ ಅತಿಥಿಯು ಒಳಗೆ ಕಾಲಿಡಬೇಕು. ಈ ನೆಲವನ್ನೂ ನೀರನ್ನೂ ಕೆಡಿಸೆನು, ಮೃದುವಾಗಿ ನಡೆಯುವೆನು ಎಂಬುದು ಅದರ ತಾತ್ಪರ್ಯ. ಪ್ರತಿಜ್ಞೆ ಕೊಡುವುದು ಸರಕಾರಕ್ಕಲ್ಲ, ಪಲಾವಿನ ಮಕ್ಕಳಿಗೆ! ಅದನ್ನು ಬರೆಯುವುದರಲ್ಲಿ ಅಲ್ಲಿನ ಮಕ್ಕಳೂ ನೆರವಾದರು. ಮೀನು ಮರಿಮಾಡುವ ಕಾಲದಲ್ಲಿ ಊರ ಮುಖಂಡರು ಬೇಟೆ ನಿಲ್ಲಿಸುವ ಪದ್ಧತಿ ಆ ಜನರಲ್ಲಿ ತಲೆಮಾರುಗಳಿಂದ ಬಂದುದು. ತಮ್ಮ ಆ ನಿಯಮವನ್ನೇ ಅವರು ಅತಿಥಿಗಳಿಗೂ ಕಲಿಸಿದಂತಾಯಿತು. ಮಾತಿನ ಬೆನ್ನಿಗೆ ಕಟ್ಟಳೆಯೂ ಬಂದಿತು. ಹವಳಕ್ಕೆ ಹಾನಿಕರವಾದ ರಾಸಾಯನಿಕಗಳಿರುವ, ಬಿಸಿಲಿಗೆ ಹಚ್ಚಿಕೊಳ್ಳುವ ಲೇಪಗಳನ್ನು 2020ರ ಜನವರಿ 1ರಿಂದ ಅಲ್ಲಿ ನಿಷೇಧಿಸಲಾಯಿತು.

ನಮ್ಮ ಸಂಕಲ್ಪ

ಸಂಕಲ್ಪವೆಂಬುದನ್ನು ನಾವು ಪರದೇಶದಿಂದ ಕಲಿಯಬೇಕಾದುದಿಲ್ಲ. ಮರೆತುದನ್ನು ನೆನೆದರೆ ಸಾಕು. ಹಂಪೆಗೆ ಹೊರಡುವ ಮುನ್ನಾದಿನ, ಬುತ್ತಿ ಕಟ್ಟುವ ಹೊತ್ತಿನಲ್ಲಿ, ಮನೆಮಂದಿಯೆಲ್ಲ ಕುಳಿತು ನಾಲ್ಕು ಮಾತನ್ನು ನಿಶ್ಚಯಿಸಿಕೊಳ್ಳಬಹುದು.

ಕೆತ್ತನೆಯನ್ನು ಕಣ್ಣಿನಿಂದ ನೋಡುವುದು, ಕೈಯಿಂದಲ್ಲ. ಭಾವಚಿತ್ರಕ್ಕಾಗಿ ಮಂಟಪವನ್ನು ಏರುವುದಿಲ್ಲ. ನೀರನ್ನು ಮನೆಯ ಪಾತ್ರೆಯಲ್ಲಿ ಒಯ್ಯುವುದು. ಕಸವನ್ನು ನಮ್ಮ ಚೀಲದಲ್ಲೇ ಮರಳಿ ತರುವುದು. ನದಿಗಂತೂ ಏನನ್ನೂ ಎಸೆಯಲಾಗದು; ತುಂಗಭದ್ರೆಯಲ್ಲಿ ನೀರುನಾಯಿಗಳ ಸಂಸಾರವೂ ಉಂಟು. ವಿರೂಪಾಕ್ಷನ ಗುಡಿಯಲ್ಲಿ ನಿತ್ಯಪೂಜೆ ನಡೆಯುತ್ತಿದೆಯೆಂಬುದನ್ನು ನೆನೆದು ದನಿ ತಗ್ಗಿಸುವುದು. ಬೆಳಗ್ಗೆ ಬಂದು ಸಂಜೆಗೆ ಓಡದೆ, ಒಂದು ರಾತ್ರಿ ತಂಗಿ ನಿಧಾನವಾಗಿ ನೋಡುವುದು. ಹೊಳೆಯಾಚೆ ಆನೆಗೊಂದಿಯಲ್ಲಿ ಹೆಣ್ಣುಮಕ್ಕಳು ಬಾಳೆನಾರಿನಿಂದ ಚೀಲ, ಬುಟ್ಟಿಗಳನ್ನು ಹೆಣೆಯುತ್ತಾರೆ. ಅಂಥದೊಂದನ್ನು ಕೊಂಡರೆ ನಮ್ಮ ಹಣವೂ ಆ ನೆಲದಲ್ಲೇ ಉಳಿಯುತ್ತದೆ.

ಇದಿಷ್ಟನ್ನೂ ಮಕ್ಕಳು ಕೇಳುವಂತೆ ಹೇಳಬೇಕು. ಗುಟ್ಟು ಇರುವುದು ಅಲ್ಲಿಯೇ. ಸರಕಾರಕ್ಕೆ ಕೊಟ್ಟ ಮಾತನ್ನು ತಪ್ಪಿದರೆ ದಂಡ ತೆತ್ತು ಪಾರಾಗಬಹುದು, ಆದರೆ, “ಅಪ್ಪಾ, ಮುಟ್ಟುವುದಿಲ್ಲ ಎಂದಿದ್ದೆಯಲ್ಲ!” ಎಂದು ಮಗಳು ಎಲ್ಲರೆದುರು ಕೇಳಿಬಿಟ್ಟರೆ ಯಾವ ತಂದೆ ಉತ್ತರ ಕೊಟ್ಟಾನು?

ಹಿರಿಯರು ಕಾಶಿಯಲ್ಲಿ ಪ್ರಿಯವಾದ ಹಣ್ಣನ್ನು ಬಿಟ್ಟು ಬಂದರು. ನಾವು ಹಂಪೆಯಲ್ಲಿ ಬಿಡಬೇಕಾದುದು ಅಷ್ಟು ದೊಡ್ಡದೇನಲ್ಲ—ಕಂಬವನ್ನೊಮ್ಮೆ ತಟ್ಟಿ ನೋಡಬೇಕೆಂಬ ಆಸೆ. ಅದೊಂದನ್ನು ಅಲ್ಲಿ ಬಿಟ್ಟು ಬಂದರೆ, ಮೊಮ್ಮಕ್ಕಳು ಹೋಗುವ ಕಾಲಕ್ಕೂ ಕಂಬ ಅಲ್ಲಿಯೇ ನಿಂತಿರುತ್ತದೆ.