ಸ್ಪೀಕರಿಗೆ ಮರಳಿ ಬಂದ ಕರೆಂಟಿನ ವೈರು

ದೊಡ್ಡ ಸ್ಪೀಕರ್ ಕೊಂಡವರಿಗೆ ಪೆಟ್ಟಿಗೆಯ ಮೇಲಿನ ಅಂಕಿ ನೋಡಿದೊಡನೆ ಒಂದು ಅಳುಕು ಹುಟ್ಟುತ್ತದೆ. ಸಾವಿರ ವ್ಯಾಟ್ ಅಂತೆ, ನಮ್ಮ ಮನೆಯ ವೈರಿಂಗ್ ತಡೆದೀತೇ? ತಡೆಯುತ್ತದೆ. ಹೇಗೆಂದು ತಿಳಿಯಲು ಸ್ಪೀಕರಿಗೆ ಕರೆಂಟಿನ ವೈರು ಬಂದದ್ದು, ಹೋದದ್ದು, ಮತ್ತೆ ಬಂದದ್ದನ್ನು ನೋಡಬೇಕು.

1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ತುತ್ತೂರಿಯಿಲ್ಲದ ಸ್ಪೀಕರನ್ನು ಮಂಡಿಸಿದರು. ಕಾಗದದ ಶಂಕುವಿಗೆ ಅಂಟಿದ ತಂತಿಸುರುಳಿ ಆಯಸ್ಕಾಂತದ ಸಂದಿನಲ್ಲಿ ಹಿಂದೆ ಮುಂದೆ ಆಡುವ ಆ ವಿನ್ಯಾಸವೇ ಇಂದಿಗೂ ನಡೆದುಬಂದಿದೆ. ಮರುವರ್ಷ ಅದು ‘ರೇಡಿಯೋಲಾ 104’ ಎಂಬ ಹೆಸರಿನಲ್ಲಿ 250 ಡಾಲರಿಗೆ ಮಾರಾಟಕ್ಕೆ ಬಂತು. ಒಳಗೆ ಒಂದೇ ಒಂದು ವ್ಯಾಟಿನ ಆಂಪ್ಲಿಫೈಯರ್! ಆದರೂ ಗೋಡೆಯ ಕರೆಂಟು ಬೇಕೇ ಬೇಕಿತ್ತು. ಸಾಕಷ್ಟು ಬಲದ ಆಯಸ್ಕಾಂತ ಆಗ ಸಿಗುತ್ತಿರಲಿಲ್ಲ, ಹಾಗಾಗಿ ಕಬ್ಬಿಣಕ್ಕೆ ತಂತಿ ಸುತ್ತಿ, ಕರೆಂಟು ಹರಿಸಿ ಆಯಸ್ಕಾಂತ ಮಾಡುತ್ತಿದ್ದರು.

ಆ ವೈರನ್ನು ಕಳಚಿದ್ದು ಲೋಹಶಾಸ್ತ್ರ. 1931ರಲ್ಲಿ ಜಪಾನಿನ ತೊಕುಶಿಚಿ ಮಿಶಿಮಾ ನಿಕ್ಕೆಲ್, ಅಲ್ಯೂಮಿನಿಯಂ ಬೆರೆಸಿದ ಉಕ್ಕಿನಿಂದ ಶಾಶ್ವತ ಆಯಸ್ಕಾಂತ ಮಾಡಿದರು. ಆ ಬಗೆಯ ಮಿಶ್ರಲೋಹಗಳು ಬೆಳೆದು ಆಲ್ನಿಕೋ ಬಳಕೆಗೆ ಬಂತು. ಎರಡನೆಯ ಮಹಾಯುದ್ಧದ ನಂತರ ಸ್ಪೀಕರಿಗೆ ಆಂಪ್ಲಿಫೈಯರಿನಿಂದ ಬರುವ ಎರಡೆಳೆ ವೈರೇ ಸಾಕಾಯಿತು.

ಮತ್ತೆ ಕರೆಂಟಿನ ವೈರನ್ನು ಕರೆತಂದದ್ದು ಚಿಕ್ಕ ಪೆಟ್ಟಿಗೆಯ ಆಸೆ. 1954ರಲ್ಲಿ ಎಡ್ಗರ್ ವಿಲ್ಚರ್ ತಮ್ಮ ಎಆರ್-1 ಸ್ಪೀಕರಿನಲ್ಲಿ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಆಗಿ ಬಳಸಿದರು. ಚಿಕ್ಕ ಪೆಟ್ಟಿಗೆಯಿಂದ ಆಳವಾದ ಮಂದ್ರ ಹೊರಟಿತು. ಆದರೆ ಪುಕ್ಕಟೆಯಾಗಿ ಅಲ್ಲ. ಪೆಟ್ಟಿಗೆ ಚಿಕ್ಕದಿದ್ದು ಮಂದ್ರವೂ ಆಳವಾಗಿರಬೇಕೆಂದರೆ ದಕ್ಷತೆಯನ್ನು ಬಿಟ್ಟುಕೊಡಬೇಕು. ಮೊದಲೇ ಮನೆಯ ಸ್ಪೀಕರ್ ತನಗೆ ಸಿಕ್ಕ ವಿದ್ಯುತ್ತಿನಲ್ಲಿ ಸದ್ದಾಗಿಸುವುದು ಶೇಕಡಾ ಒಂದರ ಆಸುಪಾಸು, ಉಳಿದದ್ದೆಲ್ಲ ಬಿಸಿ. ಸದ್ದು ಮೂರು ಡೆಸಿಬಲ್ ಏರಬೇಕಾದರೆ ವ್ಯಾಟ್ ಇಮ್ಮಡಿಯಾಗಬೇಕು. ಹೀಗೆ ಹೆಚ್ಚು ವ್ಯಾಟ್ ಬೇಕಾದಾಗ ಆಂಪ್ಲಿಫೈಯರೇ ಪೆಟ್ಟಿಗೆಯೊಳಗೆ ಬಂತು, ಅದರೊಡನೆ ಕರೆಂಟಿನ ವೈರೂ. 1990ರ ದಶಕದಲ್ಲಿ ಅಮೆರಿಕದ ಬಾಬ್ ಕಾರ್ವರ್ ಮಂದ್ರಕ್ಕೆಂದೇ ಮಾಡಿದ ಹನ್ನೊಂದೇ ಅಂಗುಲದ ಘನಾಕಾರದ ಸಬ್‌ವೂಫರಿನೊಳಗೆ 2700 ವ್ಯಾಟಿನ ಆಂಪ್ಲಿಫೈಯರ್ ಕೂರಿಸಿದರು.

ಅಮೆರಿಕದ ಸಾಮಾನ್ಯ ಸಾಕೆಟ್ 120 ವೋಲ್ಟ್, 15 ಆಂಪಿಯರಿನದು. ಗುಣಿಸಿದರೆ 1800 ವ್ಯಾಟ್. ಮತ್ತೆ 2700 ಎಲ್ಲಿಂದ? ನನಗೆ ಇಡೀ ವಿಷಯದಲ್ಲಿ ಬಹಳ ಸೊಗಸೆನಿಸುವುದು ಇದೇ. ಸಂಗೀತ ಇಸ್ತ್ರಿಪೆಟ್ಟಿಗೆಯಂತೆ ಒಂದೇ ಸಮನೆ ಕರೆಂಟು ಎಳೆಯುವುದಿಲ್ಲ. ಮೃದಂಗದ ಒಂದು ಗುಂಕಿಗೆ ನೂರಾರು ವ್ಯಾಟ್ ಬೇಕಾದೀತು, ಮರುಕ್ಷಣ ಹತ್ತೂ ಬೇಡ. ಆ ಗುಂಕಿಗೆ ಬೇಕಾದ ಶಕ್ತಿಯನ್ನು ಕೆಪಾಸಿಟರುಗಳು ಮೊದಲೇ ಕೂಡಿಟ್ಟುಕೊಂಡಿರುತ್ತವೆ. ಗೋಡೆಯಿಂದ ಬರುವ ಕರೆಂಟು ಅವನ್ನು ತುಂಬಿಸುತ್ತಿರುತ್ತದೆ. ಅದಕ್ಕೇ ಆಡಿಯೋ ಉಪಕರಣಗಳ ಸುರಕ್ಷತಾ ಪರೀಕ್ಷೆಯಲ್ಲಿ ಮಾಮೂಲಿ ಬಳಕೆ ಎಂದು ಎಣಿಸುತ್ತಾ ಬಂದದ್ದು ಪೂರ್ಣ ಶಕ್ತಿಯ ಎಂಟನೆಯ ಒಂದು ಭಾಗವನ್ನು. ಆ ಲೆಕ್ಕದಲ್ಲಿ 500 ವ್ಯಾಟಿನ ಸ್ಪೀಕರ್ ಹೊರಗೆ ಕೊಡುವುದು ಸುಮಾರು 62 ವ್ಯಾಟ್. ಒಳಗಿನ ನಷ್ಟವನ್ನೂ ಸೇರಿಸಿ ನೂರು ಎಂದುಕೊಂಡರೂ ನಮ್ಮ 230 ವೋಲ್ಟಿನಲ್ಲಿ ಅರ್ಧ ಆಂಪಿಯರಿಗೂ ಕಡಿಮೆ. ನಮ್ಮ ಮನೆಗಳ ಚಿಕ್ಕ ಸಾಕೆಟ್ಟೇ 6 ಆಂಪಿಯರಿನದು.

ಹಾಗಿರುವಾಗ ಸಾವಿರಾರು ರೂಪಾಯಿಯ ದಪ್ಪ ಪವರ್ ಕೇಬಲ್ ಏಕೆ? ಸ್ಪೀಕರಿನ ಜೊತೆಗೇ ಬರುವ ಎರಡು ಮೀಟರಿನ, 0.75 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ, ಹೋಗಿಬರುವ ದಾರಿ ಎರಡೂ ಸೇರಿ, ರೋಧ 0.1 ಓಮ್. ಎರಡು ಆಂಪಿಯರ್ ಹರಿದರೂ ಕಳೆದುಹೋಗುವುದು 0.2 ವೋಲ್ಟ್. ಗೋಡೆಯೊಳಗೆ ಬೋರ್ಡಿನಿಂದ ಇಪ್ಪತ್ತು ಮೀಟರ್ ಬಂದಿರುವ 1.5 ಚದರ ಮಿಲಿಮೀಟರಿನ ವೈರಿನಲ್ಲೇ ಇದರ ಐದು ಪಟ್ಟು ರೋಧವಿದೆ. ಕೊನೆಯ ಎರಡು ಮೀಟರಿಗೆ ಚಿನ್ನ ಬಳಿದರೆ ಅದು ಬದಲಾಗುವುದಿಲ್ಲ. ಆ ಹಣ ಸ್ಪೀಕರಿಗೇ ಹೋಗಲಿ.

ಸಬ್‌ವೂಫರಿನ ಬೆನ್ನನ್ನು ಒಮ್ಮೆ ತಿರುಗಿಸಿ ನೋಡಿ. ವೈರು ಸಿಕ್ಕಿಸುವ ಕಿಂಡಿಯ ಪಕ್ಕದಲ್ಲಿ ಎಷ್ಟೋ ಸಲ ಪುಟ್ಟ ಫ್ಯೂಸ್ ಇರುತ್ತದೆ, ಅಂಕಿಯ ಹಿಂದೆ ‘ಟಿ’ ಎಂಬ ಇಂಗ್ಲಿಷ್ ಅಕ್ಷರ. ತಡವಾಗಿ ಕರಗುವ ಫ್ಯೂಸ್ ಎಂದು ಅದರರ್ಥ. ಸ್ವಿಚ್ ಹಾಕಿದೊಡನೆ ಬರಿದಾದ ಕೆಪಾಸಿಟರುಗಳು ಒಮ್ಮೆಗೇ ಕರೆಂಟು ಎಳೆಯುತ್ತವೆ. ಕೆಲವು ಮನೆಗಳಲ್ಲಿ ದೀಪ ಮಿನುಗುವುದೂ ಉಂಟು. ಅಷ್ಟಕ್ಕೇ ಫ್ಯೂಸ್ ಹೋಗಬಾರದು. ಹೋದರೆ ಅದೇ ಅಂಕಿಯ, ಅದೇ ಬಗೆಯ ಫ್ಯೂಸನ್ನೇ ಹಾಕಬೇಕು.

ನಿಜಕ್ಕೂ ಚಿಂತಿಸಬೇಕಾದದ್ದು ಮೂರನೆಯ ಪಿನ್ನಿನ ಬಗ್ಗೆ. ಸಬ್‌ವೂಫರನ್ನು ಟಿ.ವಿ.ಗೆ ಜೋಡಿಸಿದಾಗ ಗುಂಯ್ ಎನ್ನತೊಡಗಿದರೆ ಅರ್ತ್ ಪಿನ್ ಕಿತ್ತುಹಾಕಿಬಿಡುವವರಿದ್ದಾರೆ. ಸದ್ದು ನಿಲ್ಲುತ್ತದೆ ನಿಜ, ಆದರೆ ಒಳಗೆ ವೈರು ಕಳಚಿ ಲೋಹದ ತಟ್ಟೆಗೆ ತಾಗಿದರೆ ಅದನ್ನು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಆ ಗುಂಯ್ ಬರುವುದು ಎರಡು ಕಡೆಯ ಅರ್ತ್ ಸೇರಿ ಸುತ್ತಾದಾಗ. ಎಲ್ಲವನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿ ನೋಡಿ. ಆಗಲೂ ನಿಲ್ಲದಿದ್ದರೆ ಕೇಬಲ್ ಟಿ.ವಿ.ಯ ವೈರು ಬಿಚ್ಚಿ ನೋಡಿ. ಸದ್ದು ಹೋದರೆ ಆ ವೈರಿಗೆ ಐಸೊಲೇಟರ್ ಹಾಕಿಸಿ. ಅರ್ತ್ ಪಿನ್ನಿಗೆ ಮಾತ್ರ ಕೈಹಚ್ಚಬೇಡಿ.